ಮೈದಾನದಲ್ಲಿ ಚಪ್ಪಾಳೆ, ರಸ್ತೆಗೆ ಬಂದರೆ ಅಡ್ಡಹೆಸರು: ಮಣಿಪುರದ ಆಟಗಾರರು ನಮಗೆ ನಿಜವಾಗಿ ನಮ್ಮವರಾ?

ಪ್ರಶ್ನೆ: ಕಂಠೀರವ_ಪಶ್ಚಿಮ

ಬೆಂಗಳೂರು ಎಫ್‌ಸಿ ಮ್ಯಾಚ್ ಅಂದರೆ ನಾನು ಸಾಮಾನ್ಯವಾಗಿ ತಪ್ಪಿಸುವುದಿಲ್ಲ. ನಮ್ಮ ಆಫೀಸಿನಲ್ಲಿ ಇಂಫಾಲದ ಗೆಳೆಯನೊಬ್ಬ ಇದ್ದಾನೆ, ಒಂದು ಸಲ ಅವನೂ ಜೊತೆಗೆ ಬಂದಿದ್ದ. ಸುರೇಶ್ ವಾಂಗ್ಜಮ್ ಕಾಲಿಗೆ ಚೆಂಡು ಸಿಕ್ಕಾಗಲೆಲ್ಲ ಸುತ್ತ ಇದ್ದವರು ಎದ್ದು ನಿಂತು ಕೂಗುತ್ತಿದ್ದರು. ತನ್ನೂರಿನ ಹುಡುಗನಿಗೆ ಇಷ್ಟು ಪ್ರೀತಿ ಸಿಗುವುದನ್ನು ನೋಡಿ ಇವನಿಗೆ ಖುಷಿಯೋ ಖುಷಿ. ಮ್ಯಾಚ್ ಮುಗಿದು ಗೇಟ್ ದಾಟಿ ಆಟೋ ಹುಡುಕುತ್ತಿದ್ದಾಗ ನೀಲಿ ಜೆರ್ಸಿ ಹಾಕಿದ್ದ ಒಂದು ಗುಂಪು ಇವನ ಮುಖ ನೋಡಿ "ಏ ಚಿಂಕಿ" ಅಂತ ಕೂಗಿ ನಕ್ಕಿತು. ನಾನು ಜಗಳಕ್ಕೇ ಹೋಗಿದ್ದೆ. ಅವನೇ ಕೈ ಹಿಡಿದು, "ಬಿಡು, ಅಭ್ಯಾಸ ಆಗಿದೆ" ಅಂದ. ಅದು ಇನ್ನೂ ಹೊಟ್ಟೆ ಉರಿಸುತ್ತಿದೆ.

ಹಾಗಾಗಿ ಕೇಳುತ್ತಿದ್ದೇನೆ. ಭಾರತ ತಂಡದಲ್ಲಿ ಮಣಿಪುರ, ಮಿಜೋರಾಂನವರು ಇಷ್ಟು ಜನ ಇದ್ದಾರೆ, ಆದರೆ ಸ್ಟ್ಯಾಂಡಿನಲ್ಲಿ, ಬೀದಿಯಲ್ಲಿ ಅದರಿಂದ ಏನಾದರೂ ಬದಲಾಗಿದೆಯಾ? ಇನ್ನೊಂದು, ಬೆಂಗಳೂರಿನ ಫುಟ್‌ಬಾಲ್ ಮೊದಲು ಯಾರ ಕೈಯಲ್ಲಿತ್ತು? ಹಳಬರು ಯಾರಾದರೂ ಇದ್ದರೆ ಹೇಳಿ.

ಹಲಸೂರಿನವ

ಎರಡನೆಯದಕ್ಕೆ ನಾನು ಹೇಳುತ್ತೇನೆ. ಈ ಊರಿನ ಫುಟ್‌ಬಾಲ್ ಬೆಳೆದದ್ದು ಕಂಟೋನ್ಮೆಂಟ್ ಕಡೆ. ಮಿಲಿಟರಿಯವರು ಆಡುತ್ತಿದ್ದರು. ಅವರನ್ನು ನೋಡಿ ಹಲಸೂರು, ಗೌತಮಪುರ, ಆಸ್ಟಿನ್ ಟೌನ್ ಕಡೆಯ ಹುಡುಗರು ಕಲಿತರು. ತಮಿಳು ಮಾತಾಡುವ ದಲಿತರು, ಮುಸ್ಲಿಮರು, ಕ್ರಿಶ್ಚಿಯನ್ನರು. ಅವತ್ತು ಊರಿನಲ್ಲಿ ಯಾರಿಗೆ ದೊಡ್ಡ ಜಾಗ ಇರಲಿಲ್ಲವೋ ಅವರೇ ಜಾಸ್ತಿ. ಬೂಟು, ಚೆಂಡು, ಸ್ವಲ್ಪ ಬಯಲು ಇದ್ದರೆ ಆಯ್ತು, ಎಷ್ಟೋ ಸಲ ಬೂಟೂ ಇರಲಿಲ್ಲ.

1937ರಲ್ಲಿ ಬಾಂಬೆಯ ರೋವರ್ಸ್ ಕಪ್ ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ಅನ್ನೋ ತಂಡ. ಅದುವರೆಗೆ ಅದು ಬ್ರಿಟಿಷ್ ಪಲ್ಟನ್‌ಗಳ ಕಪ್ ಅಂತಲೇ ಲೆಕ್ಕ. 1938ರಲ್ಲಿ ಮತ್ತೆ ಗೆದ್ದರು. ನಮ್ಮ ಊರಿನ ಎಷ್ಟು ಮಕ್ಕಳಿಗೆ ಈ ಹೆಸರು ಗೊತ್ತು? ಕಲ್ಕತ್ತಾದ ಮೋಹನ್ ಬಗಾನ್ ಕ್ಲಬ್ 1911ರಲ್ಲಿ ಬರಿಗಾಲಲ್ಲಿ ಐಎಫ್‌ಎ ಶೀಲ್ಡ್ ಗೆದ್ದ ಕಥೆ ಎಲ್ಲರಿಗೂ ಗೊತ್ತು, ಗೊತ್ತಿರಲೇಬೇಕು. ನಮ್ಮ ಪಕ್ಕದ ಬೀದಿಯವರು ಗೆದ್ದದ್ದು ಮಾತ್ರ ಯಾರ ಬಾಯಲ್ಲೂ ಇಲ್ಲ.

ಅಹ್ಮದ್ ಖಾನ್ ಅದೇ ಬೆಂಗಳೂರು ಮುಸ್ಲಿಮ್ಸ್‌ಗೆ ಆಡಿದವರು. ಆಮೇಲೆ ಕಲ್ಕತ್ತಾಗೆ ಹೋಗಿ ಈಸ್ಟ್ ಬೆಂಗಾಲ್‌ನ ಆ ಐದು ಜನ ಫಾರ್ವರ್ಡ್‌ಗಳಲ್ಲಿ ಒಬ್ಬರಾದರು. ಆ ಐವರನ್ನು ಅಲ್ಲಿನ ಜನ ಪಂಚ ಪಾಂಡವರು ಅಂತ ಕರೆಯುತ್ತಿದ್ದರು. ದೇಶ ಒಡೆದ ಮೇಲೆ ಪೂರ್ವ ಬಂಗಾಳದಿಂದ ಮನೆಮಠ ಬಿಟ್ಟು ಬಂದ ಹಿಂದೂ ನಿರಾಶ್ರಿತರ ಪ್ರೀತಿಯ ಕ್ಲಬ್ ಅದು. ಅವರೇ ಅಹ್ಮದ್ ಖಾನ್, ಸಾಲೆ ಅವರನ್ನು ಪಾಂಡವರು ಅಂತ ಕರೆದರು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಮನಸ್ಸು ತುಂಬುತ್ತದೆ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ 1-2ರಿಂದ ಸೋತೆವು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದರು, ಎರಡು ಪೆನಾಲ್ಟಿ ಕೈತಪ್ಪಿತು. ನಮ್ಮ ಒಂದೇ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಕ್ಯಾಪ್ಟನ್ ಯಾರು ಗೊತ್ತಾ? ತಾಲಿಮೆರೆನ್ ಆವ್, ನಾಗಾ ಡಾಕ್ಟರು. ಸ್ವತಂತ್ರ ಭಾರತದ ಮೊದಲ ಫುಟ್‌ಬಾಲ್ ಕ್ಯಾಪ್ಟನ್ ಈಶಾನ್ಯದವರು. ನಿಮ್ಮ ಗೆಳೆಯನನ್ನು ನೋಡಿ ನಕ್ಕ ಹುಡುಗರಿಗೆ ಇದನ್ನೊಂದು ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ರೈಟ್_ವಿಂಗ್_11

ಇತಿಹಾಸ ಸರಿ, ಅಣ್ಣ. ಆದರೆ ಹೆಸರು ಗೊತ್ತಾದ ಕೂಡಲೇ ಬೈಯುವ ಬಾಯಿ ಮುಚ್ಚುತ್ತದೆ ಅಂತ ನನಗೆ ಅನಿಸುವುದಿಲ್ಲ. ಬೈಚುಂಗ್ ಭುಟಿಯಾ ಹೆಸರು ಯಾರಿಗೆ ಗೊತ್ತಿಲ್ಲ? ಸಿಕ್ಕಿಂನ ಹಳ್ಳಿಯಿಂದ ಬಂದು ಭಾರತದ ಕ್ಯಾಪ್ಟನ್ ಆದವರು. ಅದೇ ಭುಟಿಯಾ 2022ರಲ್ಲಿ ದೇಶದ ಫುಟ್‌ಬಾಲ್ ಒಕ್ಕೂಟ ಎಐಎಫ್‌ಎಫ್‌ನ ಅಧ್ಯಕ್ಷ ಚುನಾವಣೆಗೆ ನಿಂತಾಗ ಬಿದ್ದದ್ದು ಒಂದೇ ಒಂದು ವೋಟು, ಎದುರಾಳಿಗೆ 33. ಆಟಕ್ಕೆ ಈಶಾನ್ಯದವರು ಬೇಕು. ಕುರ್ಚಿಯ ಹತ್ತಿರ ಬಂದಾಗ ಲೆಕ್ಕ ಬೇರೆ.

ಆಟದ ಲೆಕ್ಕ ನೋಡಿ. 2017ರ ಅಂಡರ್-17 ವಿಶ್ವಕಪ್‌ನ 21 ಹುಡುಗರಲ್ಲಿ 8 ಜನ ಮಣಿಪುರದವರು. 2011ರ ಜನಗಣತಿಯಲ್ಲಿ ಆ ರಾಜ್ಯದ ಜನಸಂಖ್ಯೆ ಸುಮಾರು 28 ಲಕ್ಷ, ನಮ್ಮ ಬೆಂಗಳೂರಿಗಿಂತ ಎಷ್ಟೋ ಕಡಿಮೆ. ಆ ವಿಶ್ವಕಪ್‌ನಲ್ಲಿ ಭಾರತದ ಮೊದಲ ಗೋಲು ಹೊಡೆದ ಜೀಕ್ಸನ್ ಸಿಂಗ್ ಕೂಡ ಮಣಿಪುರದವನೇ. ಹೆಂಗಸರ ಆಟದಲ್ಲಂತೂ ಕೇಳಲೇಬೇಡಿ, ಬೆಂಬೆಂ ದೇವಿ, ಬಾಲಾ ದೇವಿ ಅಂತ ಒಬ್ಬರ ಹಿಂದೆ ಒಬ್ಬರು. ಇದು "ಅವರ ರಕ್ತದಲ್ಲೇ ಇದೆ" ಅನ್ನೋ ಮಾತಲ್ಲ, ದಯವಿಟ್ಟು ಹಾಗೆ ಹೇಳಬೇಡಿ. ಅಲ್ಲಿ ಊರೂರಿಗೂ ಕ್ಲಬ್ ಇದೆ, ಲೋಕಲ್ ಲೀಗ್ ನೋಡಲು ಜನ ಬರುತ್ತಾರೆ, ಮನೆಯವರು ಮಕ್ಕಳನ್ನು ಆಡಲು ಬಿಡುತ್ತಾರೆ. ದುಡಿದು ಕಟ್ಟಿಕೊಂಡದ್ದು ಅದು.

ಮಂಗಳೂರು_ಮಿಡ್‌ಫೀಲ್ಡ್

ಜೀಕ್ಸನ್ ಹೆಸರು ಬಂತಲ್ಲ, 2023ರ ಜುಲೈ 4 ನೆನಪಿದೆಯಾ? ದಕ್ಷಿಣ ಏಷ್ಯಾದ ಸ್ಯಾಫ್ ಟೂರ್ನಿಯ ಫೈನಲ್, ನಮ್ಮ ಕಂಠೀರವದಲ್ಲೇ. ಕುವೈತ್ ಮೊದಲು ಗೋಲು ಹೊಡೆಯಿತು. ಆಮೇಲೆ ಕೇರಳದ ಸಹಲ್ ಅಬ್ದುಲ್ ಸಮದ್ ಅಡ್ಡಕ್ಕೆ ಕೊಟ್ಟ ಚೆಂಡನ್ನು ಮಿಜೋರಾಂನ ಛಾಂಗ್ಟೆ ಒಳಗೆ ತಳ್ಳಿದ. ಪೆನಾಲ್ಟಿಯಲ್ಲಿ ನಮ್ಮ ಕೊನೆಯ ಗೋಲು ಮಣಿಪುರದ ಮಹೇಶ್ ನವೊರೆಂನದು, ಕುವೈತ್‌ನ ಕೊನೆಯ ಹೊಡೆತ ತಡೆದದ್ದು ಪಂಜಾಬಿನ ಗುರುಪ್ರೀತ್. ಇಡೀ ಸ್ಟೇಡಿಯಂ ಒಟ್ಟಿಗೆ ವಂದೇ ಮಾತರಂ ಹಾಡಿತು.

ಪದಕ ತಗೊಳ್ಳುವಾಗ ಜೀಕ್ಸನ್ ಏಳು ಬಣ್ಣದ ಮೈತೇಯಿ ಬಾವುಟ ಹೊದ್ದುಕೊಂಡು ನಿಂತ. ಅಷ್ಟೇ, ಅರ್ಧ ಗಂಟೆಯಲ್ಲಿ ಅವನನ್ನು ದೇಶದ್ರೋಹಿ ಅಂದವರೂ ಬಂದರು. ಮೈತೇಯಿ, ಕುಕಿ ಸಮುದಾಯಗಳ ಹೊಡೆದಾಟದಲ್ಲಿ ಮಣಿಪುರ ಮೇ ತಿಂಗಳಿಂದ ಹೊತ್ತಿ ಉರಿಯುತ್ತಿತ್ತು. ಚುರಾಚಾಂದ್‌ಪುರದಲ್ಲಿ ಚಿಂಗ್ಲೆನ್ಸನಾ ಸಿಂಗ್ ಮನೆಯೇ ಸುಟ್ಟುಹೋಗಿತ್ತು, ಅವನೂ ಭಾರತಕ್ಕೆ ಆಡಿದವನು. ಶಾಂತಿ ಬೇಕು, ಹೊಡೆದಾಡಬೇಡಿ ಅಂತ ಹೇಳಲು ಹಾಗೆ ಮಾಡಿದೆ ಅಂತ ಜೀಕ್ಸನ್ ತಾನೇ ಹೇಳಿದ. 22 ವರ್ಷದ ಹುಡುಗ ಅವತ್ತು.

ನಾನು ಅವನ ಪರ. ಆದರೆ ಒಂದು ಮಾತು ಬಿಡುವಂತಿಲ್ಲ. ಅದೇ ಬಾವುಟ ನೋಡಿದ ಕುಕಿಗಳಿಗೆ ಅದು ತಮ್ಮದಲ್ಲದ, ಎದುರಿನವರ ಬಾವುಟವಾಗಿ ಕಂಡಿತು. ಅವರ ನೋವೂ ಸುಳ್ಳಲ್ಲ. ಸೆಂಬೊಯಿ ಹಾವೊಕಿಪ್ ಕುಕಿ, ನಮ್ಮ ಬೆಂಗಳೂರು ಎಫ್‌ಸಿಗೇ (ಬಿಎಫ್‌ಸಿ) ಆಡಿದವನು. ನಾವು ಎಲ್ಲರನ್ನೂ "ನಾರ್ತ್ ಈಸ್ಟ್" ಅಂತ ಒಂದೇ ಮುದ್ದೆ ಮಾಡಿ ನೋಡುತ್ತೇವಲ್ಲ, ಅದೇ ಮೊದಲ ತಪ್ಪು. ನಾಗಾ ಬೇರೆ, ಮಿಜೋ ಬೇರೆ, ಖಾಸಿ ಬೇರೆ. ಯುಜೀನ್‌ಸನ್ ಲಿಂಗ್ಡೊ ಶಿಲ್ಲಾಂಗ್‌ನವನು, ಅವನನ್ನು ಮಣಿಪುರಿ ಅಂದುಕೊಂಡೇ ಹುರಿದುಂಬಿಸಿದವರು ನನ್ನ ಪಕ್ಕದ ಸೀಟಿನಲ್ಲೇ ಇದ್ದರು.

ಹಲಸೂರಿನವ

ರೈಟ್ ವಿಂಗ್, ನೀವು ಹೇಳಿದ್ದು ಒಪ್ಪುತ್ತೇನೆ. ಆದರೂ ಏನೂ ಬದಲಾಗಿಲ್ಲ ಅಂತ ನಾನು ಹೇಳಲ್ಲ. 2012ರ ಆಗಸ್ಟ್‌ನಲ್ಲಿ ತಮ್ಮ ಮೇಲೆ ದಾಳಿ ಆಗುತ್ತದೆ ಅನ್ನೋ ಬರೀ ವದಂತಿಗೆ ಹೆದರಿ ಈಶಾನ್ಯದವರು ಸಾವಿರಾರು ಜನ ಈ ಊರು ಬಿಟ್ಟು ಗುವಾಹಟಿ ರೈಲು ಹತ್ತಿದರು. 2013ರಲ್ಲಿ ಬಿಎಫ್‌ಸಿ ಶುರುವಾಯಿತು, ಅಶೋಕನಗರದ ಸ್ಟೇಡಿಯಂನಲ್ಲಿ ಅದೇ ಊರಿನ ಜನ ಮಣಿಪುರದ ತೋಯ್ ಸಿಂಗ್ ಹೆಸರು ಕೂಗಿದರು, ತಂಡ ಮೊದಲ ವರ್ಷವೇ ಆಗಿನ ದೇಶದ ದೊಡ್ಡ ಲೀಗ್ ಐ-ಲೀಗ್ ಗೆದ್ದಿತು. ಹೆದರಿ ಹೋದವರಲ್ಲಿ ವಾಪಸ್ ಬಂದು ಆ ಸ್ಟ್ಯಾಂಡಿನಲ್ಲಿ ಕೂತವರು ನನಗೆ ಗೊತ್ತು. ಅವರಿಗೆ ಅದು ಸಣ್ಣ ವಿಷಯ ಆಗಿರಲಿಲ್ಲ.

ಕಂಠೀರವ_ಪಶ್ಚಿಮ

ಎಲ್ಲರಿಗೂ ಥ್ಯಾಂಕ್ಸ್. ಇದನ್ನೆಲ್ಲ ಗೆಳೆಯನಿಗೆ ಓದಿ ಹೇಳಿದೆ, ತಾಲಿಮೆರೆನ್ ಆವ್ ಬಗ್ಗೆ ಅವನಿಗೆ ಗೊತ್ತಿತ್ತು, ಬೆಂಗಳೂರು ಮುಸ್ಲಿಮ್ಸ್ ಬಗ್ಗೆ ಗೊತ್ತಿರಲಿಲ್ಲ. ಮುಂದಿನ ಹೋಮ್ ಮ್ಯಾಚ್‌ಗೆ ಇಬ್ಬರೂ ಹೋಗುತ್ತಿದ್ದೇವೆ. ಈ ಸಲ ಯಾರಾದರೂ ಆ ಮಾತು ಆಡಿದರೆ ನಾನು ಬಿಡಲ್ಲ, ಅಲ್ಲೇ ಕೇಳುತ್ತೇನೆ, ಅವನು ತಡೆದರೂ. ಸ್ಟ್ಯಾಂಡಿನೊಳಗೆ ಆದರೆ ಸ್ಟೀವರ್ಡ್‌ಗೆ ಹೇಳಿ ಹೊರಗೆ ಕಳಿಸುತ್ತಾರಾ? ಯಾರಿಗಾದರೂ ಅನುಭವ ಇದ್ದರೆ ಬರೆಯಿರಿ. ಮತ್ತೆ ಗೌತಮಪುರಕ್ಕೆ ಅವನನ್ನು ಕರೆದುಕೊಂಡು ಹೋಗಬೇಕು ಅಂತಿದೆ, ಯಾವಾಗ ಹೋದರೆ ಆಟ ನೋಡಬಹುದು?

ಹಲಸೂರಿನವ

ಭಾನುವಾರ ಬೆಳಿಗ್ಗೆ ಬನ್ನಿ. ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಜೊತೆಗೆ ಪೆಲೆ ಪ್ರತಿಮೆ ಇರುವ ಜಾಗ ಯಾರನ್ನು ಕೇಳಿದರೂ ತೋರಿಸುತ್ತಾರೆ. ಅಲ್ಲಿಂದ ನನಗೆ ಇಲ್ಲೇ ಮೆಸೇಜ್ ಹಾಕಿ.