ಮಗಳ ಪದವಿ ಪ್ರದಾನಕ್ಕೆ ಇಂಗ್ಲೆಂಡಿಗೆ: ಲಂಡನ್ನಿನಲ್ಲಿ ಮೂರು ರಾತ್ರಿ, ಕೈಯಲ್ಲಿ 600 ಪೌಂಡ್

ಪೆರ್ಲದ ಕೃಷಿಕ:

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮದು ಅಡಿಕೆ ತೋಟ. ಮಗಳು ಕೊವೆಂಟ್ರಿಯಲ್ಲಿ ಸ್ನಾತಕೋತ್ತರ ಓದು ಮುಗಿಸಿದ್ದಾಳೆ. ಜುಲೈ ಆರಂಭದಲ್ಲಿ ಪದವಿ ಪ್ರದಾನ. ಊರಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಅಕ್ಷರ ಕಲಿತವಳು ಅಷ್ಟು ದೂರ ಹೋಗಿ ಓದಿದ್ದಾಳೆ. ಅವಳು ವೇದಿಕೆ ಹತ್ತುವಾಗ ನಾನು, ನನ್ನ ಹೆಂಡತಿ ಎದುರಿಗಿರಬೇಕು ಎಂದು ನಿಶ್ಚಯಿಸಿದ್ದೇವೆ. ಅದು ಮುಗಿದ ಮೇಲೆ ಮೂವರೂ ಲಂಡನ್ನಿಗೆ ಹೋಗಿ, ಮೂರು ರಾತ್ರಿ ಉಳಿದು, ನಾವಿಬ್ಬರು ಅಲ್ಲಿಂದಲೇ ಊರಿಗೆ ಹೊರಡುವ ಯೋಚನೆ. ಮಗಳು ಅಲ್ಲಿ ಗೆಳತಿಯ ಕೋಣೆಯಲ್ಲಿ ಉಳಿಯುತ್ತಾಳೆ. ನಮಗೆ ಇಬ್ಬರಿಗೆ ಮಾತ್ರ ಕೋಣೆ ಬೇಕು.

ಹೆಚ್ಚು ದಿನ ನಿಲ್ಲುವಂತಿಲ್ಲ. ಮಳೆ ಹಿಡಿಯುವ ಮೊದಲು ಒಂದು ಸಲ ಅಡಿಕೆಗೆ ಮದ್ದು ಸಿಂಪಡಿಸಿ ಹೊರಟರೂ, ನಲವತ್ತು ನಲವತ್ತೈದು ದಿನಕ್ಕೆ ಎರಡನೆಯದು ಆಗಲೇಬೇಕು. ಕೊಳೆರೋಗ ಬಂದರೆ ವರ್ಷದ ಫಸಲು ಕೈಬಿಟ್ಟಂತೆಯೇ. ಮರ ಹತ್ತುವವರಿಗೆ ಈಗಲೇ ದಿನ ಹೇಳಿಟ್ಟಿದ್ದೇನೆ.

ವಿಮಾನ, ವೀಸಾ ಬಿಟ್ಟು ಲಂಡನ್ನಿನ ಖರ್ಚಿಗೆಂದು 600 ಪೌಂಡ್ ತೆಗೆದಿರಿಸಿದ್ದೇವೆ. ಪ್ರವಾಸ ಏರ್ಪಡಿಸುವ ಒಬ್ಬರನ್ನು ಕೇಳಿದರೆ ಇದರ ದುಪ್ಪಟ್ಟು ಹೇಳಿದರು. ಹೆಂಡತಿ ಸಸ್ಯಾಹಾರಿ. ಅವಳಿಗೆ ಕೋಹಿನೂರ್ ನೋಡಬೇಕೆಂದು ಬಹಳ ಆಸೆ, ಬೇರೆ ಏನನ್ನೂ ಕೇಳಿಲ್ಲ. ಎಲ್ಲಿ ಉಳಿಯಬೇಕು, ಹೇಗೆ ಓಡಾಡಬೇಕು, ಯಾವುದನ್ನು ಬಿಡಬಹುದು? ಹೋಗಿ ಬಂದವರು ತಿಳಿಸಿದರೆ ಉಪಕಾರ.

ಹೊಸೂರಿನವ:

ಅಣ್ಣ, ಮೊದಲು ಮಗಳಿಗೆ ಅಭಿನಂದನೆ. ನಾನು ಕೆಲಸದ ಮೇಲೆ ಕೆಲವು ಕಾಲ ಅಲ್ಲಿದ್ದೆ.

ಲಂಡನ್ನಿಗೆ ಇಳಿದು ಕೊವೆಂಟ್ರಿಗೆ ಹೋಗಿ ಮತ್ತೆ ಲಂಡನ್ನಿಗೆ ಬರುವುದು ಬೇಡ. ಕೊಚ್ಚಿಯಿಂದಲೋ ಬೆಂಗಳೂರಿನಿಂದಲೋ ದುಬೈ ಮೂಲಕ ಬರ್ಮಿಂಗ್‌ಹ್ಯಾಮಿಗೆ ವಿಮಾನವಿದೆ. ಆ ನಿಲ್ದಾಣದಿಂದ ಕೊವೆಂಟ್ರಿ ರೈಲಿನಲ್ಲಿ ಹತ್ತು ಹದಿನೈದು ನಿಮಿಷದ ದಾರಿ. ಬರುವಾಗ ಬರ್ಮಿಂಗ್‌ಹ್ಯಾಮ್, ಹೋಗುವಾಗ ಲಂಡನ್ ಎಂದು ಒಂದೇ ಟಿಕೆಟ್ಟಿನಲ್ಲಿ ಮಾಡಿಸಿಕೊಳ್ಳಿ. ಕೊವೆಂಟ್ರಿಯಿಂದ ಲಂಡನ್ನಿಗೆ ವೇಗದ ರೈಲು ಒಂದು ಗಂಟೆಯಲ್ಲಿ ತಲುಪುತ್ತದೆ, ದರವೂ ಹಾಗೆಯೇ ಇರುತ್ತದೆ. ಲಂಡನ್ ನಾರ್ತ್‌ವೆಸ್ಟರ್ನ್ ಕಂಪನಿಯ ನಿಧಾನದ ರೈಲು ಸುಮಾರು ಎರಡು ಗಂಟೆ ತೆಗೆದುಕೊಳ್ಳುತ್ತದೆ, ಟಿಕೆಟ್ ಅಗ್ಗ. ಬಸ್ಸಿನಲ್ಲಿ ಹೋದರೆ ಇನ್ನೂ ಕಡಿಮೆ.

ಉಳಿಯುವುದಕ್ಕೆ ಪೂರ್ವದ ಈಸ್ಟ್ ಹ್ಯಾಮ್ ನೋಡಿ. ತಮಿಳರು, ಮಲಯಾಳಿಗಳು ತುಂಬಿರುವ ಬಡಾವಣೆ. ದೋಸೆ, ಊಟ, ತರಕಾರಿ ಎಲ್ಲವೂ ನಮ್ಮ ಕಡೆಯದೇ. ನಿಮಗೆ ಮಲಯಾಳ ಬರುವುದರಿಂದ ಮಾತಿಗೂ ತೊಡಕಿಲ್ಲ. ಕೋಣೆಯ ಬಾಡಿಗೆಯೂ ನಗರದ ನಡುವಿಗಿಂತ ಕಡಿಮೆ.

ಕುಂಬಳೆ ಟೀಚರ್:

ಹೊಸೂರಿನವರು ವಿಮಾನ ಮತ್ತು ರೈಲಿನ ಬಗ್ಗೆ ಹೇಳಿದ್ದನ್ನು ಹಾಗೆಯೇ ಪಾಲಿಸಿ. ಕೋಣೆಯ ವಿಷಯದಲ್ಲಿ ಮಾತ್ರ ನಾನು ಒಪ್ಪುವುದಿಲ್ಲ. ಈಸ್ಟ್ ಹ್ಯಾಮಿನಿಂದ ನಗರದ ನಡುವಿಗೆ ಸುರಂಗ ರೈಲಿನಲ್ಲಿ ಅರ್ಧ ಮುಕ್ಕಾಲು ಗಂಟೆ ಬೇಕು, ಬಸ್ಸಿನಲ್ಲಾದರೆ ಅದಕ್ಕೂ ಹೆಚ್ಚು. ತಿಂಗಳುಗಟ್ಟಲೆ ಇರುವವರಿಗೆ ಆ ಬಡಾವಣೆ ಸರಿ. ಮೂರು ರಾತ್ರಿಗೆ ಹೋಗುವವರು ಬಾಡಿಗೆಯಲ್ಲಿ ಉಳಿಸಿದ್ದನ್ನು ರೈಲಿಗೆ ಸುರಿದು, ಹೊತ್ತನ್ನೂ ಕಳೆದುಕೊಳ್ಳುತ್ತಾರೆ. ನಿಮ್ಮ ಹತ್ತಿರ ಹಣಕ್ಕಿಂತ ಕಡಿಮೆ ಇರುವುದು ಹೊತ್ತು. ನಡುವೆ ಉಳಿಯಿರಿ, ಬಸ್ಸಿನಲ್ಲಿ ಮತ್ತು ಕಾಲ್ನಡಿಗೆಯಲ್ಲಿ ಓಡಾಡಿ, ಹಣ ಕೊಟ್ಟು ನೋಡುವ ಜಾಗ ಒಂದನ್ನು ಮಾತ್ರ ಇಟ್ಟುಕೊಳ್ಳಿ.

ಜುಲೈಯಲ್ಲಿ ಹೋಗುತ್ತಿರುವುದೇ ನಿಮ್ಮ ಅದೃಷ್ಟ. ಆಗ ವಿಶ್ವವಿದ್ಯಾಲಯಗಳಿಗೆ ರಜೆ, ವಿದ್ಯಾರ್ಥಿ ನಿಲಯಗಳ ಕೋಣೆಗಳನ್ನು ಪ್ರವಾಸಿಗಳಿಗೆ ಬಾಡಿಗೆಗೆ ಕೊಡುತ್ತಾರೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ನಿಲಯಗಳು ಬ್ಲೂಮ್ಸ್‌ಬರಿ, ಹೋಲ್ಬರ್ನ್ ಕಡೆ ಇವೆ. ನಾನು ಮತ್ತು ನಮ್ಮವರು ಉಳಿದದ್ದು ಅಂಥದ್ದರಲ್ಲೇ. ಕಿರಿದಾದ ಮಂಚ, ಕಿಟಕಿಯ ಪಕ್ಕ ಓದುವ ಮೇಜು, ಹಾಸಿಗೆಯ ಮೇಲೆ ಮಡಚಿಟ್ಟ ಎರಡು ಟವೆಲ್, ಅಷ್ಟೇ. ಶುಚಿಯಾಗಿತ್ತು, ರಾತ್ರಿ ಗಲಾಟೆ ಇರಲಿಲ್ಲ. ಎರಡು ಹಾಸಿಗೆಯ ಕೋಣೆಗೆ ರಾತ್ರಿಗೆ ಸುಮಾರು 100 ಪೌಂಡ್ ಎಂದು ಹಿಡಿಯಿರಿ. ಬೇಗ ಕಾದಿರಿಸಿದಷ್ಟೂ ಒಳ್ಳೆಯದು. ಕೊವೆಂಟ್ರಿಯ ರೈಲು ಬಂದು ನಿಲ್ಲುವುದು ಯೂಸ್ಟನ್ ನಿಲ್ದಾಣದಲ್ಲಿ, ಬ್ಲೂಮ್ಸ್‌ಬರಿ ಅಲ್ಲಿಂದ ನಡೆದು ಹೋಗುವಷ್ಟೇ ದೂರ. ನಿಲ್ದಾಣದ ಇನ್ನೊಂದು ಪಕ್ಕದ ಡ್ರಮಂಡ್ ಬೀದಿಯಲ್ಲಿ ಭಾರತೀಯ ಸಸ್ಯಾಹಾರಿ ಹೋಟೆಲುಗಳಿವೆ. ಅಲ್ಲಿಗೆ ನಿಮ್ಮ ಮನೆಯವರ ಊಟದ ಚಿಂತೆ ಮುಗಿಯಿತು. ಹೊರಡುವ ದಿನ ಅದೇ ಬಡಾವಣೆಯ ರಸೆಲ್ ಸ್ಕ್ವೇರ್‌ನಲ್ಲಿ ಪಿಕಡಿಲಿ ಮಾರ್ಗದ ಸುರಂಗ ರೈಲು ಹತ್ತಿದರೆ ನೇರ ಹೀತ್ರೂ ವಿಮಾನ ನಿಲ್ದಾಣ. ವೇಗದ ಏರ್‌ಪೋರ್ಟ್ ರೈಲಿಗೆ ದುಡ್ಡು ಹಾಕಬೇಡಿ.

ಓಡಾಟಕ್ಕೆ ಬಸ್. ನಮಗೆ ಬಿದ್ದ ದರ ಒಂದು ಸಲಕ್ಕೆ 1.75 ಪೌಂಡ್, ಮೊದಲ ಬಸ್ ಹತ್ತಿದ ಒಂದು ಗಂಟೆಯೊಳಗೆ ಬೇರೆ ಬಸ್ ಹತ್ತಿದರೆ ಮತ್ತೆ ಹಣವಿಲ್ಲ, ದಿನವಿಡೀ ಎಷ್ಟು ಓಡಾಡಿದರೂ 5.25 ಪೌಂಡಿಗಿಂತ ಹೆಚ್ಚು ಕಡಿಯುವುದಿಲ್ಲ. ದರ ಆಗಾಗ ಏರುವುದರಿಂದ ಹೊರಡುವ ಮೊದಲು ನೋಡಿಕೊಳ್ಳಿ. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ತಾಗಿಸಬೇಕು. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಬೇಕು, ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗುವಂತಿಲ್ಲ. ಆದ್ದರಿಂದ ಬ್ಯಾಂಕಿನಿಂದ ಇಬ್ಬರ ಹೆಸರಿಗೂ ವಿದೇಶಿ ಹಣ ತುಂಬಿಸಿಡುವ ಫಾರೆಕ್ಸ್ ಕಾರ್ಡ್ ಮಾಡಿಸಿಕೊಳ್ಳಿ. ಮಹಡಿ ಬಸ್ಸಿನ ಮೇಲಂತಸ್ತಿನ ಮುಂದಿನ ಸೀಟು ಸಿಕ್ಕಿದರೆ ಬೇರೆ ಪ್ರವಾಸಿ ಬಸ್ಸೇ ಬೇಡ. 15ನೇ ಸಂಖ್ಯೆಯ ಬಸ್ ಟ್ರಫಾಲ್ಗರ್ ಚೌಕದಿಂದ ಸೇಂಟ್ ಪಾಲ್ಸ್ ಇಗರ್ಜಿಯನ್ನು ಹಾದು ಲಂಡನ್ ಟವರ್‌ವರೆಗೆ ಹೋಗುತ್ತದೆ.

ಇನ್ನು ಕೋಹಿನೂರ್. ಅದು ಇರುವುದು ಲಂಡನ್ ಟವರ್ ಎಂಬ ಹಳೆಯ ಕೋಟೆಯಲ್ಲಿ, ಟಿಕೆಟ್ ತಲೆಗೆ ಸುಮಾರು 35 ಪೌಂಡ್. ಬಿಟ್ಟುಬಿಡಿ ಎಂದು ಹಲವರು ಹೇಳುತ್ತಾರೆ. ನಾನು ಹೇಳುವುದಿಲ್ಲ. ಮನೆಯವರು ಕೇಳಿರುವುದು ಅದೊಂದನ್ನೇ, ಅದಕ್ಕೆ ಖರ್ಚು ಮಾಡಿ, ಲಂಡನ್ ಐ ಎಂಬ ದೊಡ್ಡ ಚಕ್ರವನ್ನೂ ಉಳಿದೆಲ್ಲ ಟಿಕೆಟ್ಟುಗಳನ್ನೂ ಬಿಡಿ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಬೇರೆ ಯಾವುದನ್ನೂ ನೋಡದೆ ಮೊದಲು ಆಭರಣದ ಕಟ್ಟಡಕ್ಕೆ ನಡೆಯಿರಿ. ಕಿರೀಟಗಳ ಎದುರು ನಿಲ್ಲಲು ಆಗುವುದಿಲ್ಲ, ಚಲಿಸುವ ಪಟ್ಟಿಯ ಮೇಲೆ ನಿಂತು ಹಾದುಹೋಗಬೇಕು. ಜನ ಕಡಿಮೆ ಇದ್ದರೆ ಹಿಂದಕ್ಕೆ ಬಂದು ಇನ್ನೊಮ್ಮೆ ನಿಂತುಕೊಳ್ಳಬಹುದು. ಕೋಹಿನೂರ್ ಇರುವುದು 1937ರ ಪಟ್ಟಾಭಿಷೇಕಕ್ಕಾಗಿ ಆರನೇ ಜಾರ್ಜ್ ದೊರೆಯ ರಾಣಿಗೆ ಮಾಡಿಸಿದ ಕಿರೀಟದಲ್ಲಿ. ಮೊದಲೇ ಹೇಳಿಟ್ಟರೆ ಅವರ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಮಗಳು ಆಗಲೇ ನೋಡಿದ್ದರೆ ಎರಡೇ ಟಿಕೆಟ್ ಸಾಕು. ಮರಳುವಾಗ ಅದೇ 15ನೇ ಬಸ್ಸಿನಲ್ಲಿ ಸೇಂಟ್ ಪಾಲ್ಸ್‌ನಲ್ಲಿ ಇಳಿಯಿರಿ. ಹಗಲಿನಲ್ಲಿ ಅದರೊಳಗೆ ಹೋಗಲು ದೊಡ್ಡ ಮೊತ್ತ ಕೊಡಬೇಕು, ಸಂಜೆಯ ಪ್ರಾರ್ಥನೆಗೆ ಕುಳಿತುಕೊಳ್ಳುವವರಿಗೆ ಶುಲ್ಕವಿಲ್ಲ. ಅಲ್ಲಿ ಫೋಟೋ ತೆಗೆಯಬಾರದು, ನಡುವೆ ಎದ್ದು ಹೋಗಬಾರದು. ಅವರ ಪೂಜೆಯ ಹೊತ್ತು ಅದು.

ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ಟೇಟ್ ಮಾಡರ್ನ್, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಎಲ್ಲಕ್ಕೂ ಪ್ರವೇಶ ಉಚಿತ. ಶುಕ್ರವಾರ ಬ್ರಿಟಿಷ್ ಮ್ಯೂಸಿಯಂ ರಾತ್ರಿ ಎಂಟೂವರೆಯವರೆಗೆ ತೆರೆದಿರುತ್ತದೆ. ಎಲ್ಲವನ್ನೂ ನೋಡುವ ಹಟ ಬೇಡ. ಎರಡನ್ನು ನೋಡಿ, ಕೂತು ನೋಡಿ.

ಕಾಸರಗೋಡಿನವರಾಗಿ ನೀವು ತಪ್ಪಿಸಬಾರದ್ದು ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ನಲ್ಲಿರುವ ಟಿಪ್ಪುವಿನ ಹುಲಿ. ಬೇಕಲದ ಕೋಟೆಯನ್ನು ಮಕ್ಕಳಿಗೆ ಪಾಠ ಮಾಡುತ್ತ ಬಂದವಳು ನಾನು. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ, ಹೈದರನ ಕೈಗೆ ಬಂದದ್ದು, ಟಿಪ್ಪುವಿನ ಕಾಲದ ವೀಕ್ಷಣಾ ಗೋಪುರ, ಆಮೇಲೆ ಕಂಪನಿ ಸರಕಾರ. ಆ ಕಥೆಯ ಕೊನೆಯ ತುಂಡು ಲಂಡನ್ನಿನ ಗಾಜಿನ ಪೆಟ್ಟಿಗೆಯೊಳಗಿದೆ. ಹೆಚ್ಚುಕಡಿಮೆ ನಿಜವಾದ ಹುಲಿಯಷ್ಟೇ ದೊಡ್ಡ ಮರದ ಬೊಂಬೆ, ಕೆಂಪು ಕೋಟಿನ ಯುರೋಪಿಯನ್ನನ ಮೇಲೆ ಎರಗಿದೆ. ಹುಲಿಯ ಪಕ್ಕೆಯ ಮುಚ್ಚಳದ ಹಿಂದೆ ಹಾರ್ಮೋನಿಯಂನಲ್ಲಿರುವಂತೆ ಕೀಲಿಗಳ ಸಾಲು. ಹಿಡಿ ತಿರುಗಿಸಿದರೆ ಬಿದ್ದವನ ಕೈ ಮೇಲೇಳುತ್ತಿತ್ತು, ನರಳುವ ಸದ್ದು ಹೊರಡುತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊತ್ತು ತಂದದ್ದು. ನಾನು ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ. ಬಣ್ಣ ಅಲ್ಲಲ್ಲಿ ಮಾಸಿದೆ, ಆ ಮನುಷ್ಯನ ಬೂಟು ಮಾತ್ರ ಇನ್ನೂ ಕಪ್ಪಾಗಿದೆ. ಗ್ಯಾಲರಿಗಳನ್ನು ನವೀಕರಣಕ್ಕೆ ಮುಚ್ಚುವುದುಂಟು, ಹೊರಡುವ ವಾರ ಮ್ಯೂಸಿಯಮ್ಮಿನ ಜಾಲತಾಣದಲ್ಲಿ ನೋಡಿಕೊಳ್ಳಿ.

ಲೆಕ್ಕ ಹೀಗೆ ಬರುತ್ತದೆ: ಕೋಣೆಗೆ 300, ಮೂವರ ಬಸ್ಸಿಗೆ ಮೂರು ದಿನಕ್ಕೆ 50ರೊಳಗೆ, ಟವರ್‌ಗೆ 70, ಮೂವರ ಊಟಕ್ಕೆ ದಿನಕ್ಕೆ ತಲೆಗೆ 15ರಂತೆ ನಾಲ್ಕು ದಿನಕ್ಕೆ 180. ನಿಮ್ಮ 600 ಸರಿಯಾಗಿ ಸಾಲುತ್ತದೆ. ಹೀತ್ರೂಗೆ ಹೋಗುವ ಹಣವನ್ನು ಮಾತ್ರ ಬೇರೆ ಇಟ್ಟುಕೊಳ್ಳಿ.

ಅಕ್ಕಲಕೋಟೆಯಿಂದ:

ಟೀಚರ್ ಹೇಳಿದ ಮೇಲೆ ನಾನು ಸೇರಿಸುವುದು ಎರಡೇ. ಥೇಮ್ಸ್ ನದಿಯ ದಂಡೆಯಲ್ಲಿ, ಲ್ಯಾಂಬೆತ್ ಸೇತುವೆಯ ಹತ್ತಿರ, ಬಸವಣ್ಣನವರ ಪ್ರತಿಮೆ ಇದೆ. ನದಿಯ ಆಚೆ ಬ್ರಿಟಿಷ್ ಪಾರ್ಲಿಮೆಂಟ್. ಅಲ್ಲಿಂದ ವೆಸ್ಟ್‌ಮಿನ್‌ಸ್ಟರ್ ಸೇತುವೆಯವರೆಗೆ ದಂಡೆಯಲ್ಲೇ ನಡೆಯಿರಿ, ಕೋವಿಡ್‌ನಲ್ಲಿ ತೀರಿಕೊಂಡವರಿಗಾಗಿ ಕೆಂಪು ಹೃದಯಗಳನ್ನು ಬರೆದ ಉದ್ದನೆಯ ಗೋಡೆ ಸಿಗುತ್ತದೆ. ಇನ್ನೊಂದು, ಪ್ರಿಮ್‌ರೋಸ್ ಹಿಲ್ ಬಳಿಯ 10, ಕಿಂಗ್ ಹೆನ್ರೀಸ್ ರಸ್ತೆ. ಅಂಬೇಡ್ಕರ್ ಅವರು 1921-22ರಲ್ಲಿ ಓದುವಾಗ ಇದ್ದ ಮನೆ. ನಮ್ಮ ಮಹಾರಾಷ್ಟ್ರ ಸರಕಾರ ಕೊಂಡು ಸ್ಮಾರಕ ಮಾಡಿದೆ. ಪ್ರತಿಮೆಯ ಅನಾವರಣವೂ ಆ ಮನೆಯ ಉದ್ಘಾಟನೆಯೂ ನಡೆದದ್ದು ಒಂದೇ ದಿನ, 2015ರ ನವೆಂಬರ್ 14. ಪಕ್ಕದ ಗುಡ್ಡ ಹತ್ತಿದರೆ ಇಡೀ ನಗರ ಕಾಣುತ್ತದೆ, ದುಡ್ಡಿಲ್ಲ. ಓದು ಮುಗಿಸಿದ ಮಗಳನ್ನು ಆ ಮನೆಗೆ ಕರೆದುಕೊಂಡು ಹೋಗಿ ಸರ್.

ಪೆರ್ಲದ ಕೃಷಿಕ:

ಟೀಚರೇ, ನಿಮ್ಮ ಉತ್ತರವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಟವರ್ ಬಿಡಬೇಡಿ ಎಂದದ್ದು ಕೇಳಿ ಅವಳಿಗೆ ತುಂಬಾ ಸಂತೋಷವಾಯಿತು. ಅಕ್ಕಲಕೋಟೆಯವರು ಹೇಳಿದ ಮನೆಗೂ ಖಂಡಿತ ಹೋಗುತ್ತೇವೆ. ಇನ್ನೆರಡು ಸಂಶಯ: ವೀಸಾಕ್ಕೆ ಯಾವಾಗ ಹಾಕಬೇಕು? ಅವಲಕ್ಕಿ, ಚಟ್ನಿಪುಡಿ, ತುಪ್ಪ ಕಟ್ಟಿಕೊಂಡು ಹೋಗಬಹುದೇ?

ಹೊಸೂರಿನವ:

ಅಣ್ಣ, ಕೋಣೆಯ ವಿಷಯದಲ್ಲಿ ಟೀಚರ್ ಲೆಕ್ಕವೇ ನಿಮಗೆ ಹೊಂದುತ್ತದೆ, ಒಪ್ಪಿದೆ. ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಮೂರು ತಿಂಗಳ ಮೊದಲಿನಿಂದ ಹಾಕಬಹುದು. ಏಪ್ರಿಲ್‌ನಲ್ಲೇ ಹಾಕಿಬಿಡಿ. ಸಾಮಾನ್ಯವಾಗಿ ಮೂರು ವಾರದಲ್ಲಿ ತೀರ್ಮಾನ ಬರುತ್ತದೆ, ತಿರಸ್ಕಾರವಾದರೆ ಶುಲ್ಕ ಮರಳುವುದಿಲ್ಲ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವ ಷೆಂಗೆನ್ ವೀಸಾ ಅಲ್ಲಿ ನಡೆಯುವುದಿಲ್ಲ, ಬ್ರಿಟನ್ನಿನದೇ ಬೇಕು. ಬೆರಳಚ್ಚು ಕೊಡಲು ಕೊಚ್ಚಿ ಅಥವಾ ಬೆಂಗಳೂರು. ಕೃಷಿಕರಿಗೆ ಸಂಬಳದ ಚೀಟಿ ಇರುವುದಿಲ್ಲವಾದ್ದರಿಂದ ತೋಟದ ತೆರಿಗೆ ರಸೀದಿ, ಅಡಿಕೆ ಮಾರಿದ ಬಿಲ್ಲುಗಳು, ಆ ಹಣ ಜಮೆಯಾದ ಬ್ಯಾಂಕ್ ಪುಸ್ತಕ ಒಟ್ಟಿಗೆ ಇಡಿ. ಮಲಯಾಳದಲ್ಲೋ ಕನ್ನಡದಲ್ಲೋ ಇರುವ ಕಾಗದಗಳಿಗೆ ಇಂಗ್ಲಿಷ್ ಅನುವಾದ ಜೊತೆಗಿರಲಿ. ಮಗಳ ವಿಶ್ವವಿದ್ಯಾಲಯದಿಂದ ಪದವಿ ಪ್ರದಾನದ ದಿನಾಂಕವಿರುವ ಪತ್ರ ತರಿಸಿಕೊಳ್ಳಿ.

ಕುಂಬಳೆ ಟೀಚರ್:

ಅವಲಕ್ಕಿ, ಚಟ್ನಿಪುಡಿ ಧಾರಾಳವಾಗಿ ಒಯ್ಯಿರಿ. ತುಪ್ಪ, ಪೇಡ ಬೇಡ, ನಮ್ಮ ದೇಶದಿಂದ ಹಾಲಿನ ಪದಾರ್ಥವನ್ನೂ ಮಾಂಸವನ್ನೂ ಒಳಗೆ ಬಿಡುವುದಿಲ್ಲ. ಕಾದಿರಿಸುವಾಗ ಅಡುಗೆಮನೆ ಇರುವ ನಿಲಯವೇ ಎಂದು ಕೇಳಿಕೊಳ್ಳಿ. ಇದ್ದರೆ ಬೆಳಗಿನ ತಿಂಡಿಗೆ ಹೊರಗೆ ಹೋಗಬೇಕಿಲ್ಲ. ಜುಲೈಯಲ್ಲಿ ಅಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ಮಧ್ಯಾಹ್ನ ಒಂದು ಗಂಟೆ ಮಲಗಿ ಎದ್ದರೂ ದಿನ ಉಳಿದಿರುತ್ತದೆ. ಇನ್ನೊಂದು ಮರೆತಿದ್ದೆ: ಸ್ಕೈ ಗಾರ್ಡನ್ ಎಂಬ ಎತ್ತರದ ಕಟ್ಟಡದ ತುದಿಗೆ ಹೋಗಲು ಟಿಕೆಟ್ ಉಚಿತ, ಆದರೆ ಮೊದಲೇ ಕಾದಿರಿಸಬೇಕು. ಸೋಮವಾರ ಹೊಸ ದಿನಾಂಕಗಳನ್ನು ಬಿಡುತ್ತಾರೆ, ಬೇಗ ಮುಗಿದುಹೋಗುತ್ತವೆ. ಹೊರಡಲು ಮೂರು ವಾರ ಇರುವಾಗ ಮಗಳಿಗೆ ನೆನಪು ಮಾಡಿ. ಕಟ್ಟಡ ಇರುವುದು ಟವರ್‌ನ ಹತ್ತಿರವೇ, ಅದೇ ದಿನದ ಮಧ್ಯಾಹ್ನಕ್ಕೆ ತೆಗೆದುಕೊಳ್ಳಲಿ.