ಫರ್ನೇಸ್ ಪ್ರೋಬ್‌ಗೆ ಬೆಳ್ಳಿ ಪೇಸ್ಟ್ ಹಚ್ಚಬಹುದಾ? (ಪ್ರಶ್ನೋತ್ತರ)

ವೇಮಗಲ್ ಸದಸ್ಯ: ಸರ್, ನಮ್ಮ ಗ್ಯಾಸ್ ಫರ್ನೇಸ್ 900 ಡಿಗ್ರಿಯಲ್ಲಿ ಓಡುತ್ತದೆ. ಒಳಗಿನ ಗ್ಯಾಸ್‌ನಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಅಳೆಯುವ ಜಿರ್ಕೋನಿಯಾ (ಒಂದು ಸೆರಾಮಿಕ್) ಪ್ರೋಬ್‌ನ ರೀಡಿಂಗ್ ಒಂದೇ ಕಡೆ ನಿಲ್ಲುತ್ತಿಲ್ಲ. ತುದಿಯ ಪ್ಲಾಟಿನಂ ಪದರ ಅಲ್ಲಲ್ಲಿ ಎದ್ದಿದೆ. ಬೆಳ್ಳಿ ಪೇಸ್ಟ್ ಹಚ್ಚಿದರೆ ಸಾಕು ಅಂತ ಒಂದು ಫಾರ್ವರ್ಡ್ ಬಂದಿದೆ. ಹಚ್ಚಲಾ?

ಎಂಜಿನಿಯರ್: ಬೇಡ. ಬೆಳ್ಳಿ 961 ಡಿಗ್ರಿಗೆ ಕರಗುತ್ತದೆ, ಅದಕ್ಕೂ ಮುಂಚೆಯೇ ಆವಿಯಾಗಿ ಸವೆಯುತ್ತದೆ. ಪ್ಲಾಟಿನಂ 1768ರವರೆಗೆ ತಡೆಯುತ್ತದೆ. ಹಾಗಾದರೆ ನಿಮ್ಮದು ಬರೀ ಶಾಖಕ್ಕೆ ಹಾಳಾಗಿಲ್ಲ. ಇತ್ತೀಚೆಗೆ ಏನಾದರೂ ಬದಲಾಯಿಸಿದಿರಾ?

ವೇಮಗಲ್ ಸದಸ್ಯ: ಬಾಗಿಲ ಸಂದಿಗೆ ಸಿಲಿಕೋನ್ ಸೀಲೆಂಟ್ ಹಾಕಿದ್ವಿ, ಅಷ್ಟೇ.

ಮಾಲೂರು ಸದಸ್ಯ: ನಮ್ಮ ಹೆಂಚಿನ ಗೂಡಿಗೆ ಪ್ರೋಬೂ ಇಲ್ಲ, ಗೀಬೂ ಇಲ್ಲ. ಬೆಂಕಿ ಬಣ್ಣ ನೋಡಿಯೇ ಸುಡುತ್ತೇವೆ.

ನರಸಾಪುರ ಸದಸ್ಯ: ಅದಕ್ಕೇ ಅರ್ಧ ಹೆಂಚು ಕಪ್ಪಾಗೋದು.

ಮಾಲೂರು ಸದಸ್ಯ: ನಿಮ್ಮ ಮನೆ ಮೇಲೆ ಇರೋದೂ ನಮ್ಮ ಹೆಂಚೇ ಅಲ್ವಾ?

ಎಂಜಿನಿಯರ್: ಅದೇ ಸೀಲೆಂಟ್ ಮೇಲೆಯೇ ನನಗೆ ಅನುಮಾನ. ಒಳ್ಳೆಯ ಎಲೆಕ್ಟ್ರೋಡ್, ಅಂದರೆ ಆ ಪ್ಲಾಟಿನಂ ಪದರ, ಬೂದು ಬಣ್ಣ ಇರುತ್ತದೆ, ಹೊಳೆಯುವುದಿಲ್ಲ. ಅದರ ತುಂಬಾ ಸಣ್ಣ ರಂಧ್ರ. ಗ್ಯಾಸ್, ಪ್ಲಾಟಿನಂ, ಜಿರ್ಕೋನಿಯಾ ಮೂರೂ ಸೇರುವ ಅಂಚಿನಲ್ಲೇ ವೋಲ್ಟೇಜ್ ಹುಟ್ಟುತ್ತದೆ. ಸಿಲಿಕೋನ್ ಸುಟ್ಟರೆ ಸಿಲಿಕಾ (ಮರಳಿನಲ್ಲಿರುವ ವಸ್ತು) ಬಂದು ಆ ರಂಧ್ರಗಳನ್ನು ಮುಚ್ಚುತ್ತದೆ. ಗಾಳಿ ಕಡಿಮೆಯಾಗಿ ಉರಿ ಹೊಗೆಯಾಡುವಾಗ ಇನ್ನೂ ಕೆಟ್ಟದ್ದು: ಸಿಲಿಕಾದಿಂದ ಸಿಲಿಕಾನ್ ಬೇರ್ಪಟ್ಟು ಪ್ಲಾಟಿನಂ ಒಳಗೇ ಸೇರಬಹುದು. ಆ ಮಿಶ್ರಣ ಸುಮಾರು 830 ಡಿಗ್ರಿಗೇ ಕರಗುತ್ತದೆ. ಪದರ ಏಳುವುದಕ್ಕೆ ಇದೂ ಕಾರಣ ಇರಬಹುದು. ಸೀಸದ ಹೊಗೆಯೂ ಪ್ಲಾಟಿನಂಗೆ ವಿಷವೇ.

ನನ್ನ ಚಿಂತೆ ಪ್ರೋಬ್ ಬೆಲೆಯದಲ್ಲ. ರೀಡಿಂಗ್ ಸುಳ್ಳಾಗಿ ಆಕ್ಸಿಜನ್ ಜಾಸ್ತಿ ಅಂತ ತೋರಿಸಿದರೆ ಆಪರೇಟರ್ ಗಾಳಿ ಇಳಿಸುತ್ತಾನೆ. ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ಅದು ವಿಷಾನಿಲ, ವಾಸನೆಯೂ ಇಲ್ಲ.

ಕೆಜಿಎಫ್ ವಿದ್ಯಾರ್ಥಿ: ಸರ್, ಲ್ಯಾಬ್‌ನಲ್ಲಿ ಟೈಟಾನಿಯಂ ಮೇಲೆ ಹಾಕಿದ ತೆಳು ಪ್ಲಾಟಿನಂ 800ಕ್ಕೆ ಕಾಯಿಸಿದರೆ ಮಣಿಮಣಿ ಆಗುತ್ತದೆ. ಯಾಕೆ?

ಎಂಜಿನಿಯರ್: ಒಳ್ಳೆಯ ಪ್ರಶ್ನೆ. ಕರಗಿಲ್ಲ, ಮೇಲ್ಮೈ ಕಡಿಮೆ ಮಾಡಿಕೊಳ್ಳಲು ಒಟ್ಟುಗೂಡುತ್ತದೆ. ಕೆಳಗಿನ ಟೈಟಾನಿಯಂ ಕೂಡ ಪ್ಲಾಟಿನಂ ಒಳಗೆ ನುಸುಳಿ ಆಕ್ಸೈಡ್ ಆಗುತ್ತದೆ. ಅಂಟುಪದರಕ್ಕೆ ಟೈಟಾನಿಯಂ ಬದಲು ಜಿರ್ಕೋನಿಯಂ ಹಾಕಿ, ಪ್ಲಾಟಿನಂಗೆ ರೋಡಿಯಂ ಬೆರೆಸಿ ನೋಡಿ.

ಶ್ರೀನಿವಾಸಪುರ ಸದಸ್ಯ: ಬೆಳ್ಳಿ ಬೇಡ ಅಂದರೆ ತಾಮ್ರ?

ಎಂಜಿನಿಯರ್: ಆಕ್ಸೈಡ್ ಆಗಿ ಉದುರುತ್ತದೆ. ಬೇಡ.

ಬಂಗಾರಪೇಟೆ ಸದಸ್ಯ: ವಿನೆಗರ್‌ನಲ್ಲಿ ನೆನೆಸಿದರೆ ಪ್ರೋಬ್ ಹೊಸದಾಗುತ್ತಂತೆ. ಎಲ್ಲರಿಗೂ ಶೇರ್ ಮಾಡಿ.

ಎಂಜಿನಿಯರ್: ಸಿಲಿಕಾ ವಿನೆಗರ್‌ಗೆ ಕರಗಲ್ಲ. ಶೇರ್ ಮಾಡೋ ಮುಂಚೆ ಸುಮ್ನೆ ಒಂದು ಗಳಿಗೆ ಯೋಚಿಸಿ.

ಬಂಗಾರಪೇಟೆ ಸದಸ್ಯ: ಒಳ್ಳೇದು ಹೇಳಿದರೆ ಬೈತೀರಲ್ಲ.

ಮುಳಬಾಗಿಲು ಸದಸ್ಯ: ಹಳೇ ಪ್ರೋಬ್‌ನ ಪ್ಲಾಟಿನಂ ಯಾರು ಕೊಳ್ಳುತ್ತಾರೆ?

ಶ್ರೀನಿವಾಸಪುರ ಸದಸ್ಯ: ತಾಮ್ರಕ್ಕೆ ನಿಕ್ಕಲ್ ಬಳಿದರೆ?

ಎಂಜಿನಿಯರ್: ಮೇಲೆ ಓದಿ.

ವೇಮಗಲ್ ಸದಸ್ಯ: ಸರ್, ಮಾಲು ನಾಳೆ ಹೋಗಬೇಕು. ಈ ರಾತ್ರಿ ಮಾತ್ರ ಓಡಿಸಿ ಆಮೇಲೆ ಪ್ರೋಬ್ ಬದಲಾಯಿಸಲಾ?

ಎಂಜಿನಿಯರ್: ಆ ಪ್ರೋಬ್ ನಂಬಿ ಓಡಿಸಬೇಡಿ. ಶೆಡ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯಾ? ಮೊದಲು ಅದು ಹೇಳಿ.