ಅಪ್‌ಡೇಟ್: ಮಗನ ಚಪ್ಪಟೆ ಪಾದಕ್ಕೆ ಇನ್‌ಸೋಲ್ ಹಾಕಿಸಲಿಲ್ಲ

ಎರಡು ತಿಂಗಳ ಹಿಂದೆ ಕೇಳಿದ್ದೆ: ನಾಲ್ಕು ವರ್ಷದ ಮಗನ ಪಾದ ಪೂರ್ತಿ ಚಪ್ಪಟೆ, ಒದ್ದೆ ಕಾಲಲ್ಲಿ ನಡೆದರೆ ಇಡೀ ಪಾದದ ಗುರುತು ಬೀಳುತ್ತದೆ, ಅಂಗಡಿಯವರು ದುಬಾರಿ ಇನ್‌ಸೋಲ್ (ಶೂ ಒಳಗೆ ಪಾದದಡಿ ಇಡುವ ಪದರ) ಹಾಕಿಸಿ ಅನ್ನುತ್ತಿದ್ದಾರೆ, ಏನು ಮಾಡಲಿ ಅಂತ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕೊನೆಗೆ ಮಕ್ಕಳ ಮೂಳೆ ಡಾಕ್ಟರ್ ಹತ್ತಿರ ಹೋದೆವು. ಅವರು ಮಗನನ್ನು ತುದಿಗಾಲಲ್ಲಿ ನಿಲ್ಲಿಸಿದರು. ನಿಂತ ತಕ್ಷಣ ಪಾದದಡಿ ಕಮಾನು (ಒಳಬದಿಯ ಬಾಗು) ಮೂಡಿತು! ಬಗ್ಗಿ ನೋಡಿದೆ, ಚೆನ್ನಾಗಿಯೇ ಕಾಣುತ್ತಿತ್ತು. ಹಾಗೆ ಮೂಡಿದರೆ, ನೋವೂ ಇಲ್ಲದಿದ್ದರೆ, ಚಿಕಿತ್ಸೆ ಬೇಡ ಅಂದರು. ಈ ವಯಸ್ಸಿನಲ್ಲಿ ಪಾದದಡಿ ಕೊಬ್ಬು ಜಾಸ್ತಿ, ಕೀಲುಗಳು ಸಡಿಲ. ಹತ್ತು ವರ್ಷದೊಳಗೆ ಹೆಚ್ಚಿನ ಮಕ್ಕಳಿಗೆ ಕಮಾನು ತಾನಾಗಿಯೇ ಬರುತ್ತದೆ. ನೋವಿದ್ದರೆ ಇನ್‌ಸೋಲ್ ಆರಾಮ ಕೊಡಬಹುದು, ಆದರೆ ಅದು ಕಮಾನು ಬೆಳೆಸುವುದಿಲ್ಲ.

ಇನ್ನೊಂದು ವಿಷಯ ಓದಿ ಖುಷಿಯಾಯಿತು. ನಮ್ಮ ಮಣಿಪಾಲದ ವೈದ್ಯರೇ 2300 ಮಕ್ಕಳ ಪಾದದ ಅಚ್ಚು ನೋಡಿ 1992ರಲ್ಲಿ ಪ್ರಕಟಿಸಿದ್ದರು. ಚಪ್ಪಟೆ ಪಾದ ಶೂ ಹಾಕುವವರಲ್ಲಿ 8.6%, ಬರಿಗಾಲಲ್ಲಿ ಓಡಾಡುವವರಲ್ಲಿ 2.8%.

ಈಗ ಮನೆ, ಅಂಗಳ ಎಲ್ಲ ಕಡೆ ಅವನದು ಬರಿಗಾಲೇ. ನೋವಿದ್ದರೆ, ಒಂದೇ ಪಾದ ಚಪ್ಪಟೆಯಿದ್ದರೆ ಅಥವಾ ತುದಿಗಾಲಲ್ಲಿ ನಿಂತರೂ ಕಮಾನು ಮೂಡದಿದ್ದರೆ ಮಾತ್ರ ದಯವಿಟ್ಟು ಕಾಯಬೇಡಿ, ತೋರಿಸಿ. ನಾವು ಮುಂದಿನ ವರ್ಷ ಮತ್ತೆ ಹೋಗುತ್ತೇವೆ.